ಹೂಕರ್ ಪತ್ರಗಳನ್ನ ಎಲ್ಲಿಂದ ಓದೋಕೆ ಶುರು ಮಾಡೋದು

ಸಸ್ಯವಿಜ್ಞಾನಿ ಜೋಸೆಫ್ ಡಾಲ್ಟನ್ ಹೂಕರ್ (1817-1911) ಪತ್ರಗಳನ್ನ ಮೊದಲಿಂದ ಸಾಲಾಗಿ ಓದೋಕೆ ಹೋಗ್ಬೇಡಿ, ಡಾರ್ವಿನ್ ಜೊತೆಗಿನವೇ ಸಾವಿರಕ್ಕೂ ಜಾಸ್ತಿ ಇವೆ, ಸುಸ್ತಾಗ್ತೀರ. 1844ರ ಜನವರಿ 11ರ ಪತ್ರ ಮೊದಲು ತೆಗೀರಿ. ಜೀವಜಾತಿಗಳು ಬದಲಾಗ್ತವೆ ಅಂತ ಡಾರ್ವಿನ್ ಅದ್ರಲ್ಲಿ ಹೂಕರ್‌ಗೆ ಹೇಳ್ಕೊಳ್ತಾರೆ, ಹೇಳ್ತಾ ಹೇಳ್ತಾನೇ ಮಧ್ಯ ಒಂದು ಬ್ರಾಕೆಟ್ ಹಾಕಿ, ಇದು ಕೊಲೆ ಒಪ್ಕೊಂಡ ಹಾಗಿದೆ ಅಂತಾರೆ. ಆ ಪುಟ್ಟ ಬ್ರಾಕೆಟ್ ಹತ್ರ ಸ್ವಲ್ಪ ನಿಲ್ಲಿ, ನನಗಂತೂ ಇಡೀ ಸ್ನೇಹ ಅಲ್ಲೇ ಕಾಣ್ಸುತ್ತೆ.

ಆಮೇಲೆ ಹಿಮಾಲಯದ ಪತ್ರಗಳು. ಸಿಕ್ಕಿಂ ಮ್ಯಾಪ್ ಪಕ್ಕದಲ್ಲಿ ಇಟ್ಕೊಳ್ಳಿ, 1849ರಲ್ಲಿ ಹೂಕರ್ ಅವರನ್ನ ಅಲ್ಲೇ ಹಿಡಿದಿಟ್ಟಿದ್ರು. ತಾರೀಕು, ಊರು, ಗಿಡದ ಹೆಸರು ಮೂರನ್ನೂ ಬರ್ಕೊಳ್ತಾ ಹೋಗಿ. ಎಷ್ಟೋ ಗಿಡಗಳ ಹೆಸರು ಈಗ ಬದಲಾಗಿದೆ, ಲಂಡನ್ನಿನ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ನ ಡೇಟಾಬೇಸಲ್ಲಿ ಹುಡುಕಿದ್ರೆ ಹೊಸ ಹೆಸರು ಸಿಗುತ್ತೆ.