ಸ್ಟೌ ಆರಿಸಿದ ಮೇಲೆ ಜೇನು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ಹುಟ್ಟುಹಬ್ಬ ಅಂದರೆ ಹನಿ ಚಿಲ್ಲಿ ಪೊಟ್ಯಾಟೊ ಇರಲೇಬೇಕು. ಅದು ಕಪ್ಪಗೆ, ಕಹಿಯಾಗಿ, ಮೆತ್ತಗೆ ತಟ್ಟೆಗೆ ಬರುವುದನ್ನು ನೋಡಿ ನೋಡಿ ಸಾಕಾಗಿದೆ. ಜೇನನ್ನು ಬೆಲ್ಲದ ಹಾಗೆ ಕುದಿಸುತ್ತಾರೆ, ಅದೇ ಎಡವಟ್ಟು.

ಮೊದಲು ಜೇನು ತನ್ನಿ. ಕೊಡಗು, ಶಿರಸಿ ಕಡೆಯ ತುಡುವೆ ಜೇನು ಸಿಕ್ಕರೆ ಬೇರೆ ಯೋಚನೆ ಬೇಡ. ಜೇನು ಅಸಲಿಯೋ ಅಂತ ನೀರಿನ ಲೋಟಕ್ಕೆ ಹನಿ ಬಿಟ್ಟು ನೋಡುವ ಪರೀಕ್ಷೆಯೆಲ್ಲ ಸುಮ್ನೆ. ಗಟ್ಟಿ ಸಕ್ಕರೆ ಪಾಕವೂ ಅದರಲ್ಲಿ ಪಾಸಾಗುತ್ತದೆ. ಡಿಸೆಂಬರಿನ ಚಳಿಗೆ ಜೇನು ಹರಳುಗಟ್ಟಿದರೆ ಗಾಬರಿ ಬೇಡ, ಬಾಟಲಿಯನ್ನು ಕೈ ತಡೆಯುವಷ್ಟು ಬಿಸಿನೀರಲ್ಲಿ ನಿಲ್ಲಿಸಿ.

ಸಿಹಿಗೆ ಹೆಸರುಬೇಳೆ ಪಾಯಸ ಸುಲಭ. ಅರ್ಧ ಕಪ್ ಬೇಳೆ ಹುರಿದು ಬೇಯಿಸಿ, ಕಾಯಿಹಾಲು, ಏಲಕ್ಕಿ ಹಾಕಿ ಇಳಿಸಿ. ಉಗುರುಬೆಚ್ಚಗಾದ ಮೇಲೆ ಜೇನು. ಒಂದು ಕಪ್ ಸಕ್ಕರೆ ಹಾಕುವ ಕಡೆ ಮುಕ್ಕಾಲು ಕಪ್ ಜೇನು ಸಾಕು. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಲೂ ಬೇಡಿ.

ಈಗ ಆಲೂಗಡ್ಡೆ. ನಾಲ್ಕನ್ನು ಬೆರಳುದಪ್ಪ ಹೆಚ್ಚಿ, ಉಪ್ಪುನೀರಲ್ಲಿ ನಾಲ್ಕು ನಿಮಿಷ ಕುದಿಸಿ ಬಸಿಯಿರಿ. ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ಹಸಿ ಉಳಿದರೆ ಗರಿಗರಿ ಮರೆತುಬಿಡಿ. ಮೂರು ಚಮಚ ಕಾರ್ನ್‌ಫ್ಲೋರಿನಲ್ಲಿ ಹೊರಳಿಸಿ. ರೊಟ್ಟಿ ತಟ್ಟುವ ಜೋಳದ ಹಿಟ್ಟಲ್ಲ, ಬಿಳಿ ಪುಡಿ! ಒಮ್ಮೆ ಹದ ಉರಿಯಲ್ಲಿ ಬಣ್ಣ ಬಾರದಂತೆ ಕರಿದು ತೆಗೆಯಿರಿ. ಆರಲಿ. ಮತ್ತೆ ಜೋರು ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಕರಿಯಿರಿ. ಒಂದೇ ಸಲ ಕರಿದು ಮುಗಿಸುವವರಿಗೆ ನನ್ನ ಹತ್ತಿರ ಬೇರೆ ಉಪಾಯವಿಲ್ಲ.

ಬೇರೆ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ಬೆಳ್ಳುಳ್ಳಿ, ಕ್ಯಾಪ್ಸಿಕಂ. ಎರಡು ಚಮಚ ಚಿಲ್ಲಿ ಸಾಸ್, ಒಂದು ಟೀ ಚಮಚ ಸೋಯಾ ಸಾಸ್, ಅಷ್ಟೇ ವಿನೆಗರ್ ಹಾಕಿ ನೀರಂಶ ಹಿಂಗಿಸಿ. ಸೌಟಿನಿಂದ ಗೆರೆ ಎಳೆದರೆ ಬಾಣಲೆಯ ತಳ ಒಂದು ಕ್ಷಣ ಕಾಣಬೇಕು. ಈಗ ಸ್ಟೌ ಆರಿಸಿ. ಸಿಮ್ ಅಲ್ಲ, ಆರಿಸಿ. ಕಬ್ಬಿಣದ ಬಾಣಲೆಯಾದರೆ ಕೆಳಗಿಳಿಸಿ, ಅದು ಬಿಸಿ ಬಿಡುವುದೇ ಇಲ್ಲ. ಜೇನಿನಲ್ಲಿ ಫ್ರಕ್ಟೋಸ್ ಜಾಸ್ತಿ. ಅದು ಸುಮಾರು 110 ಡಿಗ್ರಿಗೇ ಕೆಂಪಾಗತೊಡಗುತ್ತದೆ, ಮಾಮೂಲಿ ಸಕ್ಕರೆಗೆ 160 ಬೇಕು. ಅದಕ್ಕೇ ನಿಮ್ಮ ಕಣ್ಣೆದುರೇ ಕಹಿಯಾಗುವುದು. ಕುದಿ ಪೂರ್ತಿ ನಿಂತ ಮೇಲೆ ಎರಡು ಚಮಚ ಜೇನು, ಎರಡು ಸುತ್ತು ಕೈಯಾಡಿಸಿ, ಆಲೂಗಡ್ಡೆ, ಮೇಲೆ ಹುರಿದ ಎಳ್ಳು.

‘ಹನಿ ಚಿಲ್ಲಿ’ ಅಂತ ಬಾಟಲಿಯಲ್ಲಿ ಬರುವ ರೆಡಿ ಸಾಸ್ ಒಮ್ಮೆ ತಂದಿದ್ದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಸಕ್ಕರೆ. ಹೆಸರಲ್ಲಷ್ಟೇ ಹನಿ.

ಮನೆಯಲ್ಲಿ ಮಾಡಿದ ಈ ಸಾಸ್ ಪನೀರ್‌ಗೂ ಆಗುತ್ತದೆ. ಕೋಸಂಬರಿಗಾದರೆ ನಿಂಬೆರಸ, ಮೆಣಸಿನಪುಡಿ ಜೊತೆ ಅರ್ಧ ಚಮಚ ಜೇನು, ಬಿಸಿಯ ಗೊಡವೆಯೇ ಇಲ್ಲ. ಗೊಜ್ಜಿಗೆ ಮಾತ್ರ ಬೇಡ. ಹುಣಸೆಹಣ್ಣಿಗೆ ಬೆಲ್ಲವೇ ಸರಿ, ಈ ವಿಷಯದಲ್ಲಿ ಚರ್ಚೆ ಇಲ್ಲ.

ಅತಿಥಿಗಳು ಬೆಂಗಳೂರಿನ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರೆ ಎರಡನೇ ಸಲ ಕರಿಯುವುದನ್ನೂ ನಿಲ್ಲಿಸಿ ಕಾಯಿರಿ. ಜೇನು ಸವರಿದ ಆಲೂಗಡ್ಡೆ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ.