ಲೆಗ್ ಪೀಸ್ ಮೂಳೆ ತನಕ ಬೇಯೋಕೆ ನಾನು ಪಟ್ಟ ಪಾಡು

ನಮ್ಮ ಮನೆಯಲ್ಲಿ ಸಾರು ನನ್ನ ಹೆಂಡತಿಯದ್ದು, ಹುರಿಯೋದು ಸುಡೋದು ನನ್ನದು. ಮದುವೆಯಾದ ವರ್ಷದಿಂದ ಹೀಗೇ ನಡೆದಿದೆ. ನನ್ನ ಖಾತೆ ಕೈತಪ್ಪಿ ಹೋಗುವ ಹಾಗೆ ಆಗಿದ್ದು ಒಂದು ವರ್ಷತೊಡಕಿನ ದಿನ.

ವರ್ಷತೊಡಕು ಅಂದರೆ ಯುಗಾದಿಯ ಮಾರನೇ ದಿನ. ಹಬ್ಬಕ್ಕೆ ಹೋಳಿಗೆ ತಿಂದ ಬಾಯಿಗೆ ಅವತ್ತು ಬಾಡೂಟ. ತುಮಕೂರಿನಲ್ಲಿ ಬೆಳಗಿನ ಜಾವಕ್ಕೇ ಮಟನ್ ಅಂಗಡಿ, ಚಿಕನ್ ಅಂಗಡಿ ಮುಂದೆ ಸಾಲು. ನಾನೂ ನಿಂತು 12 ಲೆಗ್ ಪೀಸ್ ತಂದೆ. ಖಾರದ ಪುಡಿ, ಮೊಸರು, ಶುಂಠಿ ಬೆಳ್ಳುಳ್ಳಿ ಹಚ್ಚಿ ದೊಡ್ಡ ಬಾಂಡ್ಲಿಯಲ್ಲಿ ಕರಿದೆ. ಬಣ್ಣ ನೋಡಿದರೆ ಹೋಟೆಲಿನವರೂ ಹೊಟ್ಟೆಕಿಚ್ಚು ಪಡಬೇಕು, ಹಾಗಿತ್ತು. ನೆಂಟರೆಲ್ಲ ಎಲೆ ಮುಂದೆ ಕೂತರು. ನನ್ನ ತಂಗಿ ಮಗ ಮೊದಲು ಕಚ್ಚಿ, ಚೆನ್ನಾಗಿದೆ ಅಂತ ತಲೆಯಾಡಿಸಿದ. ಎರಡನೇ ಸಲ ಕಚ್ಚಿದಾಗ ಹಲ್ಲು ಮೂಳೆ ಹತ್ತಿರ ಹೋಯಿತು. ಅಲ್ಲಿ ಮಾಂಸ ಗಾಜಿನ ಹಾಗೆ ಮಿರಮಿರ ಅನ್ನುತ್ತಿತ್ತು, ಹಸಿ ಹಸಿ. ಅವನು ಪೀಸನ್ನು ಕಿವಿ ಹತ್ತಿರ ಹಿಡಿದುಕೊಂಡು, "ಮಾವ, ಇದು ಇನ್ನೂ ಕೂಗ್ತಾ ಇದೆ" ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಎಲೆಗೆ ಹಾಕಿದ್ದನ್ನು ವಾಪಸ್ ಎತ್ತಿಕೊಂಡು ಅಡುಗೆಮನೆಗೆ ಹೋಗೋದಿದೆಯಲ್ಲ, ಅದು ಯಾರಿಗೂ ಬೇಡ. ಮತ್ತೆ ಬಾಂಡ್ಲಿಗೆ ಹಾಕಿದೆ. ಒಳಗೆ ಬೇಯುವ ಹೊತ್ತಿಗೆ ಹೊರಗೆ ಇದ್ದಿಲಾಗಿತ್ತು.

ಮೊದಲು ಉರಿಯನ್ನೇ ಬೈದೆ. ಮುಂದಿನ ಭಾನುವಾರ ಉರಿ ಸಣ್ಣ ಮಾಡಿ ನೋಡಿದೆ. ಸಣ್ಣ ತುದಿ ಒಣಗಿ ಸೌದೆ ಚಕ್ಕೆಯಂತಾಯಿತು, ದಪ್ಪ ಕಡೆ ಅದೇ ಹಸಿ. ಇನ್ನೊಂದು ವಾರ ರಾತ್ರಿಯೆಲ್ಲ ಮಸಾಲೆಯಲ್ಲಿ ನೆನೆಸಿದೆ. ಮೇಲೆ ಘಮಘಮ, ಒಳಗೆ ಸಪ್ಪೆ. ಆಮೇಲೆ ಒಂದು ದಿನ ಹಸಿ ಕಾಲೊಂದನ್ನು ಮಣೆ ಮೇಲಿಟ್ಟುಕೊಂಡು ಸುಮ್ನೆ ತಿರುಗಿಸಿ ತಿರುಗಿಸಿ ನೋಡಿದೆ. ಮಂಡಿ ಕಡೆ ಮೂಳೆಯ ಸುತ್ತ ಒಂದೂವರೆ ಬೆರಳು ದಪ್ಪ ಮಾಂಸ. ಕೆಳಗೆ ಬರುವಷ್ಟರಲ್ಲಿ ಬರೀ ನರ, ಮೂಳೆ. ಒಂದೇ ಉರಿಯಲ್ಲಿ, ಒಂದೇ ಹೊತ್ತಿಗೆ ಎರಡೂ ಹದವಾಗಬೇಕು ಅಂದರೆ ಎಲ್ಲಿ ಆಗುತ್ತೆ? ನಾನು ಇಷ್ಟು ದಿನ ಒಲೆ ಹತ್ತಿರ ಹುಡುಕುತ್ತಿದ್ದದ್ದು ಮಣೆ ಮೇಲೆ ಇತ್ತು.

ಈಗ ಅಂಗಡಿಯಿಂದಲೇ ಶುರು ಮಾಡುತ್ತೇನೆ. ಅಂಗಡಿಯವರು ಕೇಳುವ ಮೊದಲೇ ಮಚ್ಚು ಎತ್ತಿ ಕಾಲಿನ ಮೇಲೆ ಪಟಪಟ ಎರಡು ಏಟು ಹಾಕಿಬಿಡುತ್ತಾರೆ. ಮಸಾಲೆ ಹಿಡಿಯಲಿ ಅಂತ ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಮಚ್ಚಿನ ಏಟಿಗೆ ಮೂಳೆ ಸೀಳುತ್ತೆ, ಚೂರು ಬಾಯಿಗೆ ಸಿಗುತ್ತೆ. ಅದಕ್ಕೇ "ಅಣ್ಣ, ಕಾಲು ಹಾಗೇ ಕೊಡಿ, ಏಟು ಹಾಕಬೇಡಿ" ಅಂತ ಮೊದಲೇ ಹೇಳುತ್ತೇನೆ. ಇನ್ನೊಂದು, ಎಲ್ಲ ಕಾಲೂ ಹೆಚ್ಚುಕಮ್ಮಿ ಒಂದೇ ಗಾತ್ರ ಇರಬೇಕು. ಒಂದು 90 ಗ್ರಾಂ, ಇನ್ನೊಂದು 150 ಗ್ರಾಂ ಇದ್ದರೆ ನಾನು ಎಷ್ಟು ಚೆನ್ನಾಗಿ ಕುಯ್ದರೂ ಒಂದು ಬೇಗ, ಒಂದು ತಡ.

ತೊಡೆ ಸಮೇತ ಪೂರ್ತಿ ಕಾಲು ತಂದರೆ ಬಿಡಿಸೋದು ಸುಲಭ. ಕಾಲನ್ನು ಬೋರಲು ಹಾಕದೆ, ಒಳಮೈ ಮೇಲೆ ಬರುವ ಹಾಗೆ ಇಡಿ. ತೊಡೆ ಮತ್ತು ಕಾಲು ಸೇರುವ ಕಡೆ ತೆಳ್ಳಗೆ ಬಿಳಿ ಕೊಬ್ಬಿನ ಗೆರೆ ಕಾಣುತ್ತೆ. ಆ ಗೆರೆ ಮೇಲೇ ಚಾಕು ಬಿಟ್ಟರೆ ಕೀಲಿನ ನಡುವೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತೆ. ಚಾಕು ಗಟ್ಟಿಯಾಗಿ ಏನಕ್ಕಾದರೂ ತಾಗಿದರೆ ಬಲ ಹಾಕಬೇಡಿ, ಅದು ಮೂಳೆ. ಒಂದು ಕೂದಲೆಳೆ ಆಚೆ ಈಚೆ ಸರಿಸಿ. ನನ್ನದು ಮಂಡಿಪೇಟೆಯಲ್ಲಿ ತಂದ ಗೇಣುದ್ದದ ಸಣ್ಣ ಚಾಕು. ದೊಡ್ಡ ಕತ್ತಿ ಈ ಕೆಲಸಕ್ಕೆ ಬೇಡವೇ ಬೇಡ.

ಇನ್ನು ನರ. ಸಣ್ಣ ತುದಿಯಲ್ಲಿ ಮೂಳೆಯ ಸುತ್ತ ಬಿಳಿ ನರಗಳು ಹಗ್ಗದ ಹಾಗೆ ಅಂಟಿಕೊಂಡಿರುತ್ತವೆ. ಬಿಸಿ ತಾಗಿದಾಗ ಮಾಂಸ ಮೇಲಕ್ಕೆ ಸರಿಯೋಕೆ ನೋಡುತ್ತೆ, ಇವು ಬಿಡುವುದಿಲ್ಲ. ಅದಕ್ಕೇ ತುದಿಯ ಮಾಂಸ ಬಿಗಿದುಕೊಂಡು ಒಣಗೋದು. ತುದಿಯಿಂದ ಎರಡು ಬೆರಳು ಬಿಟ್ಟು ಚಾಕುವನ್ನು ಮೂಳೆಗೆ ತಾಗಿಸಿ, ಕಾಲನ್ನು ಮಣೆ ಮೇಲೆ ಉರುಳಿಸುತ್ತಾ ಸುತ್ತ ಒಂದು ಉಂಗುರ ಕುಯ್ಯಬೇಕು. ಒಂದೊಂದು ನರ ಕಡಿದಾಗಲೂ ಟಕ್ ಅಂತ ಬೆರಳಿಗೆ ಗೊತ್ತಾಗುತ್ತೆ. ಪಕ್ಕದಲ್ಲಿ ಸೂಜಿಯಂಥ ಸಣ್ಣ ಮೂಳೆ ಒಂದಿದೆ, ಅದರ ಹಿಂದೆ ಅಡಗಿರುವ ನರವನ್ನು ಚಾಕುವಿನ ಮೊನೆಯಿಂದ ಕೆದಕಿ ಕಡಿಯಬೇಕು. ಮಕ್ಕಳಿಗೆ ಕೊಡುವ ಪೀಸಾದರೆ ಆ ಸೂಜಿ ಮೂಳೆಯನ್ನೂ ಎಳೆದು ತೆಗೆಯುತ್ತೇನೆ. ಬರಿ ಕೈಗೆ ಜಾರುತ್ತೆ, ಬಟ್ಟೆ ಚೂರಿನಲ್ಲಿ ಹಿಡಿಯಿರಿ.

ಇಲ್ಲಿ ನಾನು ಮತ್ತೆ ಎಡವಿದೆ. ನರ ಕಡಿದ ಮೇಲೆ ಮಾಂಸವನ್ನೆಲ್ಲ ಮೇಲಕ್ಕೆ ತಳ್ಳಿ, ಹೋಟೆಲಿನಲ್ಲಿ ಮಾಡುತ್ತಾರಲ್ಲ ಲಾಲಿಪಪ್, ಹಾಗೆ ಗುಂಡಗೆ ಮಾಡಿದೆ. ನೋಡೋಕೆ ಅಂದ. ಬೇಯುವುದು ಮಾತ್ರ ಮೊದಲಿಗಿಂತ ಕೆಟ್ಟಿತು. ಯಾಕೆ ಅಂದರೆ ಮೊದಲೇ ದಪ್ಪ ಇದ್ದ ಕಡೆಗೆ ಇನ್ನಷ್ಟು ಮಾಂಸ ತಳ್ಳಿ ಉಂಡೆ ಕಟ್ಟಿದ್ದೆ. ರೆಕ್ಕೆಯ ಲಾಲಿಪಪ್ ಸಣ್ಣದು, ನಡೆಯುತ್ತೆ. ಕಾಲಿಗೆ ಆ ಶೋಕಿ ಬೇಡ. ಈಗ ನರ ಕಡಿದು ಸುಮ್ಮನಾಗುತ್ತೇನೆ, ಮಾಂಸವನ್ನು ತಳ್ಳುವುದಿಲ್ಲ. ಬೇಯುವಾಗ ತಾನೇ ಎಷ್ಟು ಬೇಕೋ ಅಷ್ಟು ಮೇಲೆ ಸರಿಯುತ್ತೆ.

ಅದಕ್ಕೆ ಸರಿಯಾಗಿ ದಪ್ಪ ಕಡೆ ಗೀರು ಹಾಕಬೇಕು. ಮೊದಲು ಉದ್ದಕ್ಕೂ ಸಮ ಸಮ ನಾಲ್ಕೈದು ಗೀರು ಎಳೆಯುತ್ತಿದ್ದೆ. ಕಡ್ಡಾಯವಾಗಿ ಬೇಕಾದ ಕಡೆಗೂ ಅಷ್ಟೇ, ಬೇಡವಾದ ಕಡೆಗೂ ಅಷ್ಟೇ. ತೆಳ್ಳಗಿನ ತುದಿಗೆ ಗೀರು ಹಾಕಿದರೆ ಅದು ಇನ್ನೂ ಬೇಗ ಒಣಗುತ್ತೆ ಅಷ್ಟೆ. ಈಗ ಮೂರೇ ಗೀರು, ಮೂರೂ ಮೇಲಿನ ಅರ್ಧದಲ್ಲಿ. ಒಂದು ಪಕ್ಕಕ್ಕೆ ಎರಡು ಅಡ್ಡಗೀರು, ಇನ್ನೊಂದು ಪಕ್ಕಕ್ಕೆ ಒಂದು. ಚಾಕು ಮೂಳೆಗೆ ಕಿರ್ ಅಂತ ತಾಗಬೇಕು. ಮೇಲೆ ಮೇಲೆ ಕೆರೆದ ಗೀರಿನಿಂದ ಏನೂ ಪ್ರಯೋಜನ ಇಲ್ಲ. ಎರಡು ಪಕ್ಕದ ಗೀರು ಎದುರುಬದುರು ಬಂದರೆ ಬೆಂದ ಮೇಲೆ ಮಾಂಸ ಮೂಳೆ ಬಿಟ್ಟು ಕಳಚಿ ಬೀಳುತ್ತೆ, ಅದಕ್ಕೇ ಒಂದರ ನಡುವೆ ಇನ್ನೊಂದು. ತವಾದಲ್ಲಿ ಮಾಡುವ ದಿನ ಇದೂ ಬೇಡ. ಒಳಮೈ ಕಡೆ ಮೂಳೆಯ ಉದ್ದಕ್ಕೆ ಒಂದೇ ಸೀಳು ಹಾಕಿ ಪುಸ್ತಕದ ಹಾಗೆ ಬಿಡಿಸಿಡುತ್ತೇನೆ. ಮಾಂಸ ಚಪ್ಪಟೆಯಾಗುತ್ತೆ, ದಪ್ಪ ತೆಳು ಅನ್ನೋ ಜಗಳವೇ ಇಲ್ಲ. ಸಾರಿಗೆ ಹಾಕುವ ಕಾಲಿಗೆ ಒಂದು ಗೀರು ಸಾಕು, ಹೇಗಿದ್ದರೂ ನೀರಿನಲ್ಲಿ ಕುದಿಯುತ್ತೆ.

ಉಪ್ಪು ಮೊದಲು, ಮಸಾಲೆ ಆಮೇಲೆ. ಉಪ್ಪು ನಿಧಾನಕ್ಕೆ ಮಾಂಸದ ಒಳಗೆ ಇಳಿಯುತ್ತೆ. ಖಾರ, ಗರಂ ಮಸಾಲೆ ಎಷ್ಟು ಹೊತ್ತು ಬಿಟ್ಟರೂ ಹೆಚ್ಚಾಗಿ ಮೇಲೇ ನಿಲ್ಲುತ್ತವೆ. ರಾತ್ರಿಯೆಲ್ಲ ನೆನೆಸಿದರೂ ಒಳಗೆ ಸಪ್ಪೆ ಇದ್ದದ್ದು ಇದಕ್ಕೇ. 1 ಕೆಜಿಗೆ ಎರಡು ಮಟ್ಟಸ ಟೀ ಚಮಚ ಪುಡಿ ಉಪ್ಪು, ಅರಿಶಿನ, ನಿಂಬೆರಸ ಹಚ್ಚಿ, ಗೀರಿನೊಳಗೂ ಬೆರಳಿಂದ ಉಜ್ಜಿ, ಒಂದೆರಡು ಗಂಟೆ ಫ್ರಿಜ್ಜಿನಲ್ಲಿ ಇಡುತ್ತೇನೆ. ಆಮೇಲೆ ಬಟ್ಟೆಯಿಂದ ನೀರು ಒರೆಸಿ, ಬಟ್ಟೆಯಲ್ಲಿ ಸೋಸಿದ ಗಟ್ಟಿ ಮೊಸರಿನ ಮಸಾಲೆ. ನೀರು ಮೊಸರು ಹಾಕಿದರೆ ಕಾಲು ಹುರಿಯುವುದಿಲ್ಲ, ಬೇಯುತ್ತೆ. ಒಲೆಗೆ ಇಡುವ 20 ನಿಮಿಷ ಮೊದಲು ಹೊರಗೆ ತೆಗೆಯುತ್ತೇನೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದಕ್ಕಿಂತ ಜಾಸ್ತಿ ಹೊತ್ತು ಬಿಡೋದು ಒಳ್ಳೆಯದಲ್ಲ.

ಕಬ್ಬಿಣದ ತವಾದಲ್ಲಿ ಬಿಡಿಸಿದ ಕಾಲುಗಳನ್ನು ಹೂವಿನ ಎಸಳಿನ ಹಾಗೆ ಜೋಡಿಸುತ್ತೇನೆ. ದಪ್ಪ ತಲೆ ನಡುವೆ, ಸಣ್ಣ ತುದಿ ಅಂಚಿಗೆ. ತವಾದ ನಡುವೆ ಬಿಸಿ ಜಾಸ್ತಿ, ಅಂಚಿನಲ್ಲಿ ಕಮ್ಮಿ ಅಲ್ವಾ? ಎಷ್ಟು ವರ್ಷ ಅಡ್ಡಾದಿಡ್ಡಿ ಹಾಕುತ್ತಿದ್ದೆನೋ. ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಒಂದು 15 ನಿಮಿಷ, ನಡುವೆ ಒಂದು ಸಲ ಮಗುಚಿ, ಆಮೇಲೆ ಮುಚ್ಚಳ ತೆಗೆದು ಉರಿ ಜೋರು ಮಾಡಿ ಬಣ್ಣ ಬರಿಸಬೇಕು. ಬಿಡಿಸದೆ ಇಡೀ ಕಾಲು ಇಟ್ಟರೆ ಇನ್ನೂ 10 ನಿಮಿಷ ಬೇಕು, ಮೂರು ಮೈಗೂ ತಿರುಗಿಸಬೇಕು.

ಆ ತೊಡಕಿನ ಅವಮಾನದ ಮೇಲೆ ಅಡುಗೆಗೆ ಚುಚ್ಚಿ ನೋಡುವ ಒಂದು ಥರ್ಮಾಮೀಟರ್ ತರಿಸಿದೆ. ಹೆಂಡತಿ "ಕೋಳಿಗೆ ಜ್ವರ ಬಂದಿದೆಯಾ?" ಅಂದಳು. ಅನ್ನಲಿ. ದಪ್ಪ ಕಡೆ, ಮೂಳೆಗೆ ತಾಗದ ಹಾಗೆ ಚುಚ್ಚಬೇಕು. 74 ಡಿಗ್ರಿ ಸೆಲ್ಸಿಯಸ್ ಬಂದರೆ ತಿನ್ನೋಕೆ ಭಯ ಇಲ್ಲ. ಆದರೆ ನಾಲಿಗೆ ಅಲ್ಲಿಗೆ ಒಪ್ಪುವುದಿಲ್ಲ. ಎದೆ ಮಾಂಸ ಆ ಬಿಸಿಗೆ ಆಗಲೇ ಒಣಗೋಕೆ ಶುರುವಾಗುತ್ತೆ, ಕಾಲು ಮಾತ್ರ ಇನ್ನೂ ರಬ್ಬರ್. ಕಾಲಿನಲ್ಲಿ ನರ, ಅಂಟು ಜಾಸ್ತಿ. ಅದು ಕರಗಿ ಮೆತ್ತಗಾಗೋಕೆ 82ರಿಂದ 85ರ ತನಕ ಬಿಡಬೇಕು. ಅಷ್ಟು ಬಿಸಿಗೂ ಕಾಲು ಒಣಗುವುದಿಲ್ಲ.

ಇದನ್ನೆಲ್ಲ ಕಲಿತ ಮೇಲೂ ಒಂದು ಸಲ ನಮ್ಮ ಅತ್ತೆ ಪೀಸು ಬಿಡಿಸಿ, ಮೂಳೆ ಕೆಂಪಗಿದೆ, ಬೆಂದಿಲ್ಲ ಅಂತ ತಟ್ಟೆ ಸರಿಸಿದರು. ನಾನು ನೋಡಿದಾಗ 84 ಇತ್ತು. ವಿಷಯ ಏನಂದರೆ ಬ್ರಾಯ್ಲರ್ ಕೋಳಿ ಸುಮಾರು 6 ವಾರಕ್ಕೇ ಅಂಗಡಿಗೆ ಬರುತ್ತೆ. ಮೂಳೆ ಇನ್ನೂ ಎಳಸು. ಬಿಸಿಗೆ ಒಳಗಿನ ಮಜ್ಜೆಯ ಬಣ್ಣ ಹೊರಗೆ ಸೋರಿ ಮೂಳೆಯ ಸುತ್ತ ಕಪ್ಪುಗೆಂಪು ಕೂರುತ್ತೆ. ಫ್ರೀಜರ್‌ನಲ್ಲಿ ಇಟ್ಟಿದ್ದ ಕಾಲಾದರೆ ಇನ್ನೂ ಜಾಸ್ತಿ. ಹಸಿ ಮಾಂಸ ಮಿರಮಿರ ಅಂತ ಜಾರುತ್ತೆ, ಹಲ್ಲಿಗೆ ಎಳೆಯುತ್ತೆ. ಇದು ಹಾಗಲ್ಲ, ಮಾಂಸ ಎಳೆ ಎಳೆಯಾಗಿ ಬಿಡುತ್ತೆ, ಬಣ್ಣ ಮಾತ್ರ ಮೋಸ. ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ಮುದ್ದೆಗೆ ಸಾರು ಹಾಕಿಸಿಕೊಂಡು ಉಂಡರು.

ನಮ್ಮ ಊರು ಗುಬ್ಬಿ ಹತ್ತಿರ. ತೆಂಗಿನ ಸೀಮೆ, ಕರಟಕ್ಕೆ ಬರ ಇಲ್ಲ. ಊರಿಗೆ ಹೋದಾಗ ನಾಲ್ಕು ಇಟ್ಟಿಗೆ, ಒಂದು ಜಾಲರಿ, ಒಂದು ಮಂಕರಿ ಕರಟ ಸಾಕು. ಜ್ವಾಲೆ ಪೂರ್ತಿ ಇಳಿದು ಕೆಂಡದ ಮೇಲೆ ಬಿಳಿ ಬೂದಿ ಕಟ್ಟುವ ತನಕ ಕಾಯಬೇಕು, ಇಲ್ಲದಿದ್ದರೆ ಹೊಗೆ ವಾಸನೆ. ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ, ದಪ್ಪ ತಲೆ ಕೆಂಡದ ಕಡೆ, ತುದಿ ಖಾಲಿ ಕಡೆ ಇಟ್ಟರೆ ತವಾದಲ್ಲಿ ಮಾಡಿದ ಲೆಕ್ಕವೇ ಇಲ್ಲೂ.

ಕಳೆದ ಸಲ ಹೋದಾಗ ಧೈರ್ಯ ಜಾಸ್ತಿಯಾಗಿ ಮನೆಯ ನಾಟಿ ಹುಂಜದ ಕಾಲಿಗೂ ಇದೇ ಪ್ರಯೋಗ ಮಾಡಿದೆ. ಉಂಗುರ ಕುಯ್ದೆ, ಗೀರು ಹಾಕಿದೆ, ಕೆಂಡದ ಮೇಲಿಟ್ಟೆ. ಮುಕ್ಕಾಲು ಗಂಟೆ ಆದ ಮೇಲೆ ಕಚ್ಚಿದರೆ ತೆಂಗಿನ ನಾರಿನ ಹಗ್ಗ. ಅಮ್ಮ ಏನೂ ಮಾತಾಡಲಿಲ್ಲ. ಜಾಲರಿ ಮೇಲಿನ ಎರಡು ಕಾಲನ್ನೂ ಎತ್ತಿಕೊಂಡು ಹೋಗಿ, ಒಳಗೆ ಕುದಿಯುತ್ತಿದ್ದ ಸಾರಿನ ಪಾತ್ರೆಗೆ ಹಾಕಿ ಮುಚ್ಚಿದರು. ಇನ್ನೂ ಒಂದು ಗಂಟೆ ಬೇಕಾಯಿತು.