ಯುವಕೂಟದ ಮಕ್ಕಳನ್ನು ಗಂಜಾಂಗೆ ಕರೆದೊಯ್ಯುವವರಿಗೆ

ಮೈಸೂರಿನಿಂದ ಹದಿಹರೆಯದವರನ್ನು ಪ್ರವಾಸಕ್ಕೆ ಕರೆದೊಯ್ಯುವವರು ಒಂದೇ ದಿನದಲ್ಲಿ ಐದಾರು ಸ್ಥಳ ತುರುಕಬೇಡಿ. ಸಂತ ಫಿಲೋಮಿನಾ ಚರ್ಚಿನಲ್ಲಿ ಬೆಳಗಿನ ಪ್ರಾರ್ಥನೆ, ಆಮೇಲೆ ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಅಬ್ಬೆ ದುಬೊಯ್ ಅವರ ಹೆಸರಿನ ಚರ್ಚು, ಅಷ್ಟು ಸಾಕು. ಟಿಪ್ಪು ಮಡಿದ 1799ರ ಯುದ್ಧದ ನಂತರ ಚದುರಿಹೋಗಿದ್ದ ಇಲ್ಲಿನ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಪಾದ್ರಿ ಅವರು. ಆ ಕಥೆಯನ್ನು ಅಲ್ಲೇ ಕುಳಿತು ಹೇಳಿ.

ಮಧ್ಯಾಹ್ನ ಲೂಕನ ಶುಭಸಂದೇಶದ 24ನೆಯ ಅಧ್ಯಾಯದಿಂದ ಎಮ್ಮಾವು ದಾರಿಯ ಭಾಗವನ್ನು (ದುಃಖದಿಂದ ನಡೆಯುತ್ತಿದ್ದ ಇಬ್ಬರು ಶಿಷ್ಯರ ಜೊತೆ, ಪುನರುತ್ಥಾನಗೊಂಡ ಯೇಸು ಗುರುತು ಸಿಗದಂತೆ ಹೆಜ್ಜೆಹಾಕಿದ ಕಥೆ) ಓದಿಸಿ, ಮಕ್ಕಳನ್ನು ಇಬ್ಬಿಬ್ಬರಾಗಿ ಅರ್ಧ ಗಂಟೆ ನಡೆಯಲು ಬಿಡಿ. ಮೊಬೈಲ್ ಚೀಲದಲ್ಲಿರಲಿ. ಕೇಳಬೇಕಾದದ್ದು ಒಂದೇ ಪ್ರಶ್ನೆ: 'ಈಚೆಗೆ ಯಾವುದು ನಿನ್ನ ಮನಸ್ಸನ್ನು ಭಾರ ಮಾಡಿದೆ?' ಮರಳಿದ ಮೇಲೆ ಉತ್ತರಕ್ಕೆ ಒತ್ತಾಯಿಸಬೇಡಿ. ಮೊದಮೊದಲು ನಾನು ಮೌನಕ್ಕೆ ಹೆದರಿ ಉಪದೇಶ ಶುರುಮಾಡುತ್ತಿದ್ದೆ. ಮಕ್ಕಳು ತಲೆಯಾಡಿಸುತ್ತಿದ್ದರು, ಅಷ್ಟೇ. ಬಾಯಿ ಮುಚ್ಚಿ ಕೇಳಲು ಕಲಿತ ವರ್ಷದಿಂದ ನನ್ನ ಸ್ವಂತ ಪ್ರಾರ್ಥನೆಯೂ ಬದಲಾಯಿತು.

ಕಾವೇರಿ ಹತ್ತಿರವೇ ಇದೆ. ಈಜು ಬರುವವರನ್ನೂ ನೀರಿಗೆ ಇಳಿಸಬೇಡಿ, ಸೆಳೆತ ಮೇಲೆ ಕಾಣುವುದಿಲ್ಲ. ಪೋಷಕರ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಹುಡುಗಿಯರಿದ್ದರೆ ಒಬ್ಬ ಅಕ್ಕನಾದರೂ ಜೊತೆಗಿರಲೇಬೇಕು.